ಹದಿನೆಂಟು ಗೇರಿನ ಸದ್ಭಾವನೆ

ನೇಸರಗಿಯ ಸುತ್ತಿನ ಐದು ಹಳ್ಳಿಗಳಿಗೆ ನಾನು ಹನ್ನೊಂದು ವರ್ಷದಿಂದ ಸೈಕಲ್ ಮೇಲೆ ಟಪಾಲು ಹಂಚುತ್ತಿದ್ದೆ. ದಿನಕ್ಕೆ ಕಡಿಮೆ ಅಂದರೂ ಇಪ್ಪತ್ತೆಂಟು ಕಿಲೋಮೀಟರ್. ಇದಕ್ಕೆ ಇಲಾಖೆಯವರು ಡ್ಯೂಟಿ ಅನ್ನುತ್ತಾರೆ, ಮನೆಯವರು ಹೊಟ್ಟೆಪಾಡು ಅನ್ನುತ್ತಾರೆ. ನನ್ನ ಗೆಳೆಯ ಅಮೋಘಸಿದ್ದಪ್ಪ ಎರಡು ದಿನ ತುಳಿದ. ಅದಕ್ಕೆ ಸಾಹಸ ಅಂದರು.

ನಾವಿಬ್ಬರೂ ನೇಸರಗಿ ಸಾಲಿಯಲ್ಲಿ ಒಂದೇ ಬೆಂಚಿನವರು. ಸಾಲಿ ಮುಗಿದ ಮೇಲೆ ಅವನು ಬೈಲಹೊಂಗಲಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟ. ಬೋರ್ಡಿನ ಮೇಲೆ ತನ್ನ ಹೆಸರನ್ನು ಕತ್ತರಿಸಿ ಬರೀ ‘ಅಮೋಘ’ ಅಂತ ಬರೆಸಿದ. ಸಿದ್ದಪ್ಪ ಎಲ್ಲಿ ಹೋದ ಅಂತ ಕೇಳಿದರೆ ಜಾಗ ಸಾಲಲಿಲ್ಲ ಅನ್ನುತ್ತಿದ್ದ. ಬೋರ್ಡು ಎಂಟು ಅಡಿ ಇತ್ತು.

೧೯೯೮ರ ಮಳೆಗಾಲ ಮುಗಿಯುವ ಹೊತ್ತಿಗೆ ಯಾರೋ ಪರದೇಶದ ಗಂಡಹೆಂಡತಿ ಸೈಕಲ್ ಮೇಲೆ ಬೈಲಹೊಂಗಲಕ್ಕೆ ಬಂದು, ಅಮೋಘನ ಸ್ಟುಡಿಯೋ ಮುಂದೆ ಗಾಡಿ ನಿಲ್ಲಿಸಿ ಬಾಳೆಹಣ್ಣು ತಿಂದು ಹೋದರು. ಅವರು ಎಲ್ಲಿಂದ ಬಂದರು, ಯಾಕೆ ಬಂದರು ಅನ್ನುವುದೊಂದೂ ಇವನ ತಲೆಗೆ ಹೋಗಲಿಲ್ಲ. ಬಾಳೆಹಣ್ಣು ತಿನ್ನುವುದನ್ನು ನೋಡಲು ನೂರು ಜನ ನಿಂತಿದ್ದರು, ಅದು ಮಾತ್ರ ಹೋಯಿತು. ಮರುವಾರವೇ ಬೆಳಗಾವಿಗೆ ಹೋಗಿ ಹದಿನೆಂಟು ಗೇರಿನ ಹಳೇ ಸೈಕಲ್ ಒಂದನ್ನು ತಂದ. ಕಿತ್ತೂರಿನಿಂದ ಹಂಪಿಗೆ ಐದು ದಿನದ ಯಾತ್ರೆ ಅಂತ ಸಾರಿದ. ಹೋಗಲು ಜೊತೆ ಬೇಕಲ್ಲ, ನನ್ನನ್ನು ಕರೆದ.

ಸೈಕಲ್ಲಿಗೆ ಕಟ್ಟಲು ಅವನು ಬರೆಸಿದ ತಗಡಿನ ಫಲಕವನ್ನು ನನಗೆ ತೋರಿಸಿದ. ‘ಸದ್ಭಾವನಾ ಸೈಕಲ್ ಯಾತ್ರೆ’ ಅಂತ ಕೆಂಪಕ್ಷರದಲ್ಲಿತ್ತು.

“ಯಾರ ಸದ್ಭಾವನಾ?” ಅಂದೆ.

“ಅದು ಬೋರ್ಡಿಗೆ ಬೇಕಲೇ ಶ್ರೀಶೈಲ್ಯಾ. ಸುಮ್ನ ಹೊಂಟ್ರ ಯಾವಂವ ನೋಡ್ತಾನ?”

ನಾನು ಯಾಕೆ ಒಪ್ಪಿದೆ ಅಂತ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಹನ್ನೊಂದು ವರ್ಷ ತುಳಿದಿದ್ದರೂ ನನ್ನ ಸೈಕಲ್ ಯಾವಾಗಲೂ ಇನ್ನೊಬ್ಬರ ವಿಳಾಸಕ್ಕೇ ಹೋಗಿತ್ತು. ಒಂದು ಸಲ ಯಾರ ಕಾಗದವೂ ಇಲ್ಲದೆ ಎಲ್ಲಿಗಾದರೂ ಹೋಗಬೇಕು ಅನ್ನಿಸಿತ್ತು. ಡಿಸೆಂಬರಿನಲ್ಲಿ ಆರು ದಿನದ ರಜೆ ಬರೆದುಕೊಟ್ಟೆ.

ಮೊದಲನೇ ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಿತ್ತೂರ ಕೋಟೆಯ ಮುಂದೆ ಅಮೋಘ ಒಂದೂವರೆ ತಾಸು ಫೋಟೋ ಹೊಡೆಸಿಕೊಂಡ. ಹೊಡೆದವನು ನಾನು. ಸಂಗೊಳ್ಳಿಯಲ್ಲಿ ಮತ್ತೆ ಮುಕ್ಕಾಲು ತಾಸು. ಸಂಜೆಗೆ ಬೈಲಹೊಂಗಲ ಮುಟ್ಟಿದೆವು. ಮಹಾಯಾತ್ರೆಯ ಮೊದಲ ಮುಕ್ಕಾಂ ಅವನದೇ ಮನೆಯಲ್ಲಿ, ಅವನದೇ ಹಾಸಿಗೆಯ ಮೇಲೆ. ನಿಜವಾದ ಪ್ರಯಾಣ ಎರಡನೇ ದಿನ. ಬೈಲಹೊಂಗಲದಿಂದ ಸವದತ್ತಿಗೆ ಹೋಗಿ, ಅಲ್ಲಿ ಹನ್ನೊಂದು ಗಂಟೆಗೆ ಯುವಕ ಸಂಘದವರ ಸನ್ಮಾನ ಮುಗಿಸಿಕೊಂಡು, ಸಂಜೆಗೆ ರಾಮದುರ್ಗದ ನನ್ನ ಅಕ್ಕ ಸಿದ್ದಲಿಂಗವ್ವನ ಮನೆಗೆ. ಸನ್ಮಾನ ಹೇಗೆ ಗೊತ್ತಾಯಿತು ಅಂದರೆ, ಸನ್ಮಾನ ಮಾಡಿ ಅಂತ ಅಮೋಘನೇ ಕಾಗದ ಬರೆದಿದ್ದ. ಆ ಕಾಗದಕ್ಕೆ ಅಂಚೆಚೀಟಿ ಹಚ್ಚಿ ಡಬ್ಬಿಗೆ ಹಾಕಿದವನು ನಾನು.

ಆ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಅವನ ವೇಷ ನೋಡಬೇಕಿತ್ತು. ತಲೆಗೆ ಹೆಲ್ಮೆಟ್, ಕೈಗೆ ಬೆರಳಿಲ್ಲದ ಗ್ಲೌಸು, ಕಣ್ಣಿಗೆ ಕಪ್ಪು ಗಾಗಲ್, ಕುತ್ತಿಗೆಯಲ್ಲಿ ಕ್ಯಾಮರಾ, ಸೊಂಟಕ್ಕೆ ಗ್ಲುಕೋಸ್ ನೀರಿನ ಬಾಟಲಿ. ನಾನು ಹಳೇ ಖಾಕಿ ಪ್ಯಾಂಟು, ತಲೆಗೊಂದು ಟವೆಲ್. ಅವನ ಗೇರ್ ಸೈಕಲ್ಲಿಗೆ ಹಿಂದೆ ಕ್ಯಾರಿಯರ್ ಇರಲಿಲ್ಲ. ಅಂಥ ಸೈಕಲ್ಲಿಗೆ ಕ್ಯಾರಿಯರ್ ಹಾಕಿದರೆ ಅದರ ಮಾನ ಹೋಗುತ್ತದಂತೆ. ಹೀಗಾಗಿ ಇಬ್ಬರ ಬಟ್ಟೆ, ಎರಡು ರಗ್ಗು, ಪಂಪು, ನಟ್ಟು ತಿರುಗಿಸುವ ಪಾನಾ, ಸಜ್ಜಿರೊಟ್ಟಿಯ ಗಂಟು, ಅವನ ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡು, ಕಡೆಗೆ ಸದ್ಭಾವನೆಯ ಫಲಕ, ಎಲ್ಲವೂ ನನ್ನ ಕರಿ ಸೈಕಲ್ ಮೇಲೆ ಕೂತವು. ಫಲಕ ಗಾಳಿಗೆ ಅಡ್ಡ ಬರುತ್ತದೆ, ಗೇರಿನ ಸೈಕಲ್ಲಿಗೆ ಗಾಳಿ ಅಡ್ಡ ಬರಬಾರದು ಅಂದ. ಕರಿ ಸೈಕಲ್ಲಿಗೆ ಗಾಳಿ ಬೇರೆ ಥರ ಬೀಸುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲ ಹತ್ತು ಕಿಲೋಮೀಟರ್ ಚೆನ್ನಾಗಿ ಹೋಯಿತು. ಥಂಡಿ ಇತ್ತು. ಎರಡೂ ಕಡೆ ಕರಿ ಹೊಲದಲ್ಲಿ ಬಿಳಿಜೋಳ ಎದೆ ಮಟ್ಟ ಬಂದಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ನಮ್ಮನ್ನು ರಸ್ತೆಯಿಂದ ಕೆಳಗಿಳಿಸಿ ಮುಂದೆ ಹೋದವು. ಅಮೋಘ ಮುಂದೆ, ನಾನು ಹಿಂದೆ. ಎದುರಿಗೆ ಬಂದ ಎತ್ತಿನ ಗಾಡಿಯವರಿಗೆಲ್ಲ ಅವನು ಕೈ ಎತ್ತಿ ಬೀಸುತ್ತಿದ್ದ. ಅವರು ಏನೋ ಕೇಳಲಿಕ್ಕೆ ಅಂತ ಗಾಡಿ ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ಇವನು ದಾಟಿರುತ್ತಿದ್ದ, ಉತ್ತರ ಹೇಳುವ ಕೆಲಸ ನನಗೆ ಬರುತ್ತಿತ್ತು.

“ಏನ್ ಮಾರಾಕ ಹೊಂಟೀರಿ?” ಅಂತ ಒಬ್ಬ ಮುದುಕ ಕೇಳಿದ.

“ಸದ್ಭಾವನಾ,” ಅಂದೆ.

“ಹೆಂಗ ಕೊಟ್ರಿ?” ಅಂದ.

ಹೊಸೂರು ದಾಟಿದ ಮೇಲೆ ಏರು ಶುರುವಾಯಿತು. ಏರು ಅಂದರೆ ಬಹಳ ಏನಿಲ್ಲ, ನನ್ನ ಟಪಾಲು ದಾರಿಯಲ್ಲಿ ಇಂಥವು ಮೂರಿವೆ. ಅಮೋಘ ಗೇರ್ ಬದಲಿಸಿದ. ಸೈಕಲ್ಲಿನ ಒಳಗಿನಿಂದ ಒಡಕು ಗಡಿಗೆಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂತು. ಮತ್ತೊಮ್ಮೆ ಬದಲಿಸಿದ. ಸರಪಳಿ ಹಾರಿ ಎಲ್ಲೋ ಸಿಕ್ಕಿಕೊಂಡಿತು. ಇಬ್ಬರೂ ಕೂತು ಅರ್ಧ ತಾಸು ಹೆಣಗಿ ಅದನ್ನು ಬಿಡಿಸಿ ಕೂಡಿಸಿದೆವು. ಆಮೇಲೆ ಗೊತ್ತಾಯಿತು, ಹದಿನೆಂಟರಲ್ಲಿ ಹದಿನೇಳು ಗೇರು ಯಾತ್ರೆಯಿಂದ ಹಿಂದೆ ಸರಿದಿದ್ದವು. ಉಳಿದದ್ದು ಒಂದೇ, ಅದೂ ಎಲ್ಲಕ್ಕಿಂತ ಬಿಗಿಯಾದದ್ದು. ಇಳಿಜಾರಿನಲ್ಲಿ ಹಾರಲಿಕ್ಕೆ ಇರುವಂಥದ್ದು.

ಅವನು ನಿಂತು ತುಳಿದ. ಇಳಿದು ದಬ್ಬಿದ. ಒಂದು ಬೇವಿನ ಮರದ ಕೆಳಗೆ ಸೈಕಲ್ ಮಲಗಿಸಿ ತಾನೂ ಮಲಗಿದ. ಗ್ಲುಕೋಸ್ ಮುಗಿದಿತ್ತು. ಗಡಿಯಾರದಲ್ಲಿ ಒಂಬತ್ತೂವರೆ, ಸವದತ್ತಿಗೆ ಇನ್ನೂ ಹದಿನಾರು ಕಿಲೋಮೀಟರ್.

“ಶ್ರೀಶೈಲ್ಯಾ, ಹನ್ನೊಂದಕ್ಕ ಹಾರ ಹಿಡ್ಕೊಂಡ ನಿಂತಿರ್ತಾರಲೇ ಅವರು.”

“ನಿಂತಿರ್ಲಿ. ಹಾರ ಏನ್ ಓಡಿ ಹೋಕ್ಕಾವೇನು?”

ಆಗಲೇ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಒಂದು ಟೆಂಪೋ ಬಂತು. ಅಮೋಘ ಎದ್ದ ವೇಗ ನೋಡಿ ನಾನು ಬೆರಗಾದೆ. ಇಡೀ ಬೆಳಿಗ್ಗೆ ಅವನು ಅಷ್ಟು ಚುರುಕಾಗಿರಲಿಲ್ಲ. ಕೈ ಮಾಡಿ ನಿಲ್ಲಿಸಿದ. ಡ್ರೈವರ್ ಹೆಸರು ಸೋಮಪ್ಪ, ದಪ್ಪ ಮೀಸೆಯ ಸಮಾಧಾನದ ಮನುಷ್ಯ. ಚೀಲಗಳ ಮೇಲೆ ಒಂದು ಸೈಕಲ್ಲಿಗೆ ಜಾಗ ಇತ್ತು, ಎರಡಕ್ಕೆ ಇರಲಿಲ್ಲ.

“ನಾ ಹೋಗಿ ಅವರನ್ನ ತಡದಿರ್ತೇನಿ, ನೀ ಹಿಂದಿಂದ ಬಾ,” ಅಂದ ಅಮೋಘ. “ನಿನಗೇನ್ ತ್ರಾಸ ಆಗೂದಿಲ್ಲ, ನಿನಗ ರೂಢಿ ಐತಿ.”

ಟೆಂಪೋ ಹೋಯಿತು. ಉಳ್ಳಾಗಡ್ಡಿಯ ಮೇಲೆ ಕೂತ ಹೆಲ್ಮೆಟ್ ತಿರುವಿನವರೆಗೂ ಕಾಣಿಸಿತು. ನಾನು ಎರಡು ರೊಟ್ಟಿ ತಿಂದು, ಟವೆಲ್ ಬಿಗಿದು, ಹದಿನಾರು ಕಿಲೋಮೀಟರ್ ತುಳಿದೆ. ಸುಳ್ಳು ಯಾಕೆ ಹೇಳಲಿ, ಆ ಹದಿನಾರೇ ಬೆಳಗಿನಿಂದ ಸಿಕ್ಕ ಸುಖದ ದಾರಿ. ಮಾತಿಲ್ಲ, ಫೋಟೋ ಇಲ್ಲ. ಕರೀಕಟ್ಟಿಯ ಹತ್ತಿರ ಹೊಲದಲ್ಲಿದ್ದ ಹೆಂಗಸೊಬ್ಬಳು ಹಸಿ ಕಡಲೆಗಿಡದ ಒಂದು ಹಿಡಿ ಕಿತ್ತು ಕೊಟ್ಟಳು. ಒಂದು ಕೈಯಲ್ಲಿ ಅದನ್ನು ಸುಲಿದು ತಿನ್ನುತ್ತ ಹೋದೆ.

ಸವದತ್ತಿ ಮುಟ್ಟಿದಾಗ ಹನ್ನೊಂದೂಕಾಲು. ಬಸ್ ಸ್ಟ್ಯಾಂಡಿನ ಹತ್ತಿರ ಶಾಮಿಯಾನ ಹಾಕಿದ್ದರು. ಧ್ವನಿವರ್ಧಕ ಊರಿಗೆಲ್ಲ ಕೇಳುವ ಹಾಗೆ ಒದರುತ್ತಿತ್ತು. ವೇದಿಕೆಯ ಮೇಲೆ ಅಮೋಘ ಕೊರಳ ತುಂಬ ಚೆಂಡುಹೂವಿನ ಹಾರ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಗೇರಿನ ಸೈಕಲ್, ಅದಕ್ಕೂ ಒಂದು ಹಾರ. ಯುವಕ ಸಂಘದ ಅಧ್ಯಕ್ಷ ಹಣಮಂತಪ್ಪ ಮೈಕು ಹಿಡಿದಿದ್ದ. ಅವನಿಗೆ ಆಗ ಐವತ್ತೆರಡು ವರ್ಷ. ಸಂಘ ಕಟ್ಟಿದಾಗ ಯುವಕನಾಗಿದ್ದನಂತೆ, ಆಮೇಲೆ ಯಾರೂ ಬದಲಿಸುವ ಗೋಜಿಗೆ ಹೋಗಿರಲಿಲ್ಲ.

ನಾನು ಬೆವರು ಸುರಿಸುತ್ತ ಸೈಕಲ್ ದಬ್ಬಿಕೊಂಡು ಬಂದದ್ದನ್ನು ಅವನು ನೋಡಿದ.

“ಬಂದ್ರು, ಬಂದ್ರು! ಅಮೋಘ ಅವರ ಸಂಗಡಿಗರು ಬಂದ್ರು! ಬರ್ರಿ, ನಾಚಬ್ಯಾಡ್ರಿ. ಎಲ್ಲಾರಿಗೂ ಆಗೂದಲ್ಲ ಇದು. ಅರ್ಧ ದಾರಿಯೊಳಗ ಸುಸ್ತಾಗಿ ಟೆಂಪೋ ಹತ್ತಿದ್ರೂ ಇವರ ಉತ್ಸಾಹ ಮೆಚ್ಚಬೇಕು! ಇವರಿಗೂ ಒಂದು ಚಪ್ಪಾಳೆ!”

ಜನ ಚಪ್ಪಾಳೆ ತಟ್ಟಿದರು. ಕಾಯಿಲೆ ಬಿದ್ದು ಎದ್ದವನಿಗೆ ತಟ್ಟುವಂಥ ಚಪ್ಪಾಳೆ. ಮುಂದಿನ ಸಾಲಿನ ಅಜ್ಜಿಯೊಬ್ಬಳು, “ಪಾಪ, ನೀರ ಕೊಡ್ರಿ ಆ ತಮ್ಮಗ,” ಅಂದಳು.

ನಾನು ವೇದಿಕೆ ಹತ್ತಿ ಅಮೋಘನ ಕಡೆ ನೋಡಿದೆ. ಅವನು ಹಾರದ ಹೂವು ಎಣಿಸುತ್ತಿದ್ದ.

ಏನಾಗಿತ್ತು ಅಂದರೆ, ಊರ ಹೊರಗೆ ಟೆಂಪೋ ಇಳಿದು, ಅಲ್ಲಿಂದ ಇಳಿಜಾರಿನಲ್ಲಿ ಹಾರಿ ಬಂದು ನಿಂತಿದ್ದ. ಜೊತೆಗಾರ ಎಲ್ಲಿ ಅಂತ ಕೇಳಿದ್ದಾರೆ. ಹಿಂದೆ ಉಳಿದ ಅಂದಿದ್ದಾನೆ. ಟೆಂಪೋದಲ್ಲಿ ಯಾರೋ ಸೈಕಲ್ ಹಾಕಿಕೊಂಡು ಬರುತ್ತಿದ್ದುದನ್ನು ಸಂಘದ ಒಬ್ಬ ಸದಸ್ಯ ದಾರಿಯಲ್ಲಿ ನೋಡಿದ್ದನಂತೆ, ಅವರೇ ನಿಮ್ಮ ಜೊತೆಗಾರರೇನು ಅಂತ ಕೇಳಿದ್ದಾನೆ. ಅಮೋಘ ಹೌದು ಅಂತ ತಲೆಯಾಡಿಸಿದ್ದಾನೆ. ಅಷ್ಟೇ. ತಾನು ಸುಳ್ಳು ಹೇಳಲಿಲ್ಲ, ಬರೀ ತಲೆಯಾಡಿಸಿದೆ ಅಂತ ಆಮೇಲೆ ನನಗೆ ಆಣೆ ಮಾಡಿ ಹೇಳಿದ.

ಇಷ್ಟಕ್ಕೇ ಮುಗಿದಿದ್ದರೆ ನಾನು ನೀರು ಕುಡಿದು ಸುಮ್ಮನಾಗುತ್ತಿದ್ದೆನೋ ಏನೋ. ಅಷ್ಟರಲ್ಲಿ ಜನರ ನಡುವಿನಿಂದ ಟೆಂಪೋದ ಸೋಮಪ್ಪ ವೇದಿಕೆ ಹತ್ತಿ ಬಂದ. ಅವನ ಕೈಯಲ್ಲಿ ಕಪ್ಪು ಗಾಗಲ್ ಇತ್ತು. ಚೀಲದ ಮೇಲೆ ಬಿಟ್ಟು ಹೋಗಿದ್ದರು, ಉಳ್ಳಾಗಡ್ಡಿ ಇಳಿಸುವಾಗ ಸಿಕ್ಕಿತು ಅಂತ ಅಮೋಘನ ಮುಂದೆ ಹಿಡಿದ.

ಅಮೋಘ ಬಿಳಚಿಕೊಂಡ. ಆಮೇಲೆ ಮುಗುಳ್ನಕ್ಕು, ಬೆರಳು ನನ್ನ ಕಡೆ ಮಾಡಿ, “ಅವರದು, ಅವರಿಗೆ ಕೊಡ್ರಿ,” ಅಂದ.

“ಅಲ್ರಿ, ನನ್ನ ಗಾಡ್ಯಾಗ ಬಂದಾವ್ರು ನೀವ...” ಅಂತ ಸೋಮಪ್ಪ ಶುರು ಮಾಡಿದ. ಹಣಮಂತಪ್ಪ ಕೈ ಎತ್ತಿದ, ವೇದಿಕೆಯ ಕೆಳಗಿದ್ದ ಬಾಜಾದವರು ಊದಿದರು. ಸೋಮಪ್ಪ ಗಾಗಲನ್ನು ನನ್ನ ಕೈಯಲ್ಲಿಟ್ಟು, ನನ್ನ ಮುಖ ನೋಡಿ, ಅವನ ಮುಖ ನೋಡಿ, ಕೆಳಗಿಳಿದ.

ಆಮೇಲೆ ಹಣಮಂತಪ್ಪ ದೊಡ್ಡ ಮನಸ್ಸು ಮಾಡಿ ಮೈಕು ನನಗೆ ಕೊಟ್ಟ. “ನೀವೂ ಎರಡು ಮಾತು ಆಡ್ರಿ.”

ಆ ದಿನದವರೆಗೆ ನಾನು ಮೈಕಿನಲ್ಲಿ ಮಾತಾಡಿದವನಲ್ಲ. ಮನೆ ಬಾಗಿಲಲ್ಲಿ ನಿಂತು ‘ಪೋಸ್ಟ್’ ಅನ್ನುವುದೇ ನನ್ನ ಭಾಷಣ. ನಿಜ ಹೇಳಿಬಿಡಬಹುದಿತ್ತು. ಆದರೆ ನಿಜ ಹೇಳಿದರೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ, ನನ್ನ ಸಿಟ್ಟು ಅಷ್ಟು ಸಣ್ಣದಿರಲಿಲ್ಲ.

“ಹಿರಿಯರಿಗೆ ನಮಸ್ಕಾರ,” ಅಂದೆ. “ನಾ ಏನೂ ಮಾಡಿಲ್ಲ, ಎಲ್ಲಾ ಇವರದ. ಇವರು ನಿಮಗ ನಾಚಿಕೊಂಡು ಒಂದು ಸಂಗತಿ ಹೇಳಿಲ್ಲ. ಇವತ್ತ ಇವರು ಯಲ್ಲಮ್ಮನ ಗುಡ್ಡಕ್ಕ ಹರಕಿ ಹೊತ್ತಾರ. ಉಗರಗೋಳದಿಂದ ಗುಡಿ ಮಟ ಎಲ್ಲೂ ಕಾಲ ಊರದಂಗ, ಒಂದ ಉಸಿರಿನಾಗ, ಸೈಕಲ್ ಮ್ಯಾಲ ಏರ್ತಾರ. ಈಗ, ನಿಮ್ಮೆಲ್ಲಾರ ಮುಂದ.”

ಶಾಮಿಯಾನದ ಬಟ್ಟೆ ಅಲ್ಲಾಡುವಷ್ಟು ಸದ್ದು ಎದ್ದಿತು. ಯಲ್ಲಮ್ಮನ ಹೆಸರಿನಲ್ಲಿ “ಉಧೋ ಉಧೋ” ಅಂತ ಕೂಗಿದರು. ಸಂಘದವರು ಮೋಟರ್ ಸೈಕಲ್ ಚಾಲೂ ಮಾಡಿದರು. ಯಾರೋ ಧ್ವನಿವರ್ಧಕವನ್ನು ಬಿಚ್ಚಿ ಸೋಮಪ್ಪನ ಖಾಲಿ ಟೆಂಪೋಕ್ಕೆ ಕಟ್ಟಿದರು. ಅಮೋಘ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅದರಲ್ಲಿ ಸದ್ಭಾವನೆ ಇರಲಿಲ್ಲ.

“ಲೇ, ಒಂದ ಗೇರೈತಲೇ ಅದರಾಗ,” ಅಂದ ಹಲ್ಲು ಕಚ್ಚಿ.

“ನಿನಗ ರೂಢಿ ಆಕ್ಕೈತಿ ತಗೋ,” ಅಂದೆ.

ಉಗರಗೋಳದವರೆಗೆ ಮೆರವಣಿಗೆ. ಮಧ್ಯಾಹ್ನದ ಬಿಸಿಲು ಡಿಸೆಂಬರಾದರೂ ನೆತ್ತಿ ಸುಡುತ್ತಿತ್ತು. ಅಂಗಡಿಗಳಲ್ಲಿ ಕಾಯಿ, ಕುಂಕುಮ, ಅರಿಶಿನದ ಭಂಡಾರ ಮಾರುವವರೆಲ್ಲ ಹೊರಗೆ ಬಂದು ನೋಡಿದರು. ಒಬ್ಬಾಕೆ ಅಮೋಘನ ಹಣೆಗೆ ಬೊಗಸೆ ಭಂಡಾರ ಬಳಿದಳು, ಅರ್ಧ ಕಣ್ಣಿಗೆ ಬಿತ್ತು. ಗಾಗಲ್ ನನ್ನ ಕಿಸೆಯಲ್ಲಿತ್ತು. ಅದು ‘ನನ್ನದು’ ಆದ್ದರಿಂದ ಅವನು ಕೇಳುವ ಹಾಗಿರಲಿಲ್ಲ.

ಅವನು ಏರಿನ ಬುಡದಲ್ಲೇ ಇಳಿಯುತ್ತಾನೆ, ಹತ್ತು ಮಾರು ಹೋಗಿ ಕೈಮುಗಿಯುತ್ತಾನೆ, ಮಂದಿ ನಗುತ್ತಾರೆ, ಅಲ್ಲಿಗೆ ನನ್ನ ಲೆಕ್ಕ ತೀರುತ್ತದೆ ಅಂದುಕೊಂಡಿದ್ದೆ. ಸಾಮಾನೆಲ್ಲ ಟೆಂಪೋಕ್ಕೆ ಹಾಕಿ, ನಗಲು ತಯಾರಾಗಿ, ನನ್ನ ಕರಿ ಸೈಕಲ್ ಮೇಲೆ ಅವನ ಹಿಂದೆ ಹೊರಟೆ.

ಮೊದಲ ತಿರುವಿನಲ್ಲೇ ಅವನು ಸೀಟಿನಿಂದ ಎದ್ದ. ಆ ಬಿಗಿ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬರಬೇಕಾದರೆ ಇಡೀ ಮೈಯ ಭಾರ ಹಾಕಬೇಕು. ಎಡಗಾಲಿನ ಮೇಲೆ ಬೀಳುತ್ತಿದ್ದ, ಬಲಗಾಲಿನ ಮೇಲೆ ಬೀಳುತ್ತಿದ್ದ. ಸೈಕಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾವಿನಂತೆ ಹೊರಳುತ್ತಿತ್ತು. ಹೆಲ್ಮೆಟ್ ಕಿತ್ತು ಎಸೆದ, ಯಾರೋ ಹಿಡಿದರು. ಹಾರ ಹರಿದು ದಾರಿಯಲ್ಲಿ ಚೆಲ್ಲಿತು. ಎರಡನೇ ತಿರುವಿನಲ್ಲಿ ಅವನ ಉಸಿರಿನ ಸದ್ದು ಟೆಂಪೋದ ಇಂಜಿನ್ ದಾಟಿ ನನಗೆ ಕೇಳಿಸಿತು. ಹಣಮಂತಪ್ಪ ಧ್ವನಿವರ್ಧಕದಲ್ಲಿ, “ನೋಡ್ರಿ ಯುವಶಕ್ತಿ! ನೋಡ್ರಿ ಯುವಶಕ್ತಿ!” ಅಂತ ಕೂಗುತ್ತ ಕೂತಲ್ಲೇ ಬೆವರುತ್ತಿದ್ದ.

ಮೂರನೇ ತಿರುವಿನ ಹತ್ತಿರ ಅಮೋಘ ರಸ್ತೆಯ ಬದಿಗೆ ವಾಲಿ ಕಾರಿಕೊಂಡ. ಸೈಕಲ್ ಮೇಲಿಂದಲೇ, ಕಾಲು ಊರದೆ. ಬೆಳಗಿನ ಗ್ಲುಕೋಸ್ ಎಲ್ಲ ಹೋಯಿತು.

ಅಲ್ಲಿಗೆ ನನ್ನ ನಗೆ ನಿಂತಿತು. ಪಕ್ಕಕ್ಕೆ ತುಳಿದುಕೊಂಡು ಹೋದೆ. ಅವನ ಮುಖ ಹಳದಿಯೋ ಬಿಳಿಯೋ ಗೊತ್ತಾಗುತ್ತಿರಲಿಲ್ಲ. ಮೂವತ್ತೊಂದು ವರ್ಷದ ಮನುಷ್ಯ, ಸ್ಟುಡಿಯೋದ ಸ್ಟೂಲು ಬಿಟ್ಟರೆ ಬೇರೆ ಏರಿದವನಲ್ಲ. ಎದೆ ಒಡೆದು ಬಿದ್ದರೆ ಅವನ ಅವ್ವನಿಗೆ ಏನು ಹೇಳಲಿ? ಆ ಸುದ್ದಿಯ ಕಾಗದ ಯಾರು ಒಯ್ಯಬೇಕು?

“ಅಮೋಘ್ಯಾ, ಸಾಕಲೇ. ಇಳಿ. ನಾ ಹೇಳ್ತೇನಿ, ಸುಳ್ಳ ಅಂತ ಹೇಳ್ತೇನಿ. ಇಳಿಯಲೇ!”

“ಆಚೆ... ಸರಿ,” ಅಂದ.

“ಸಾಯ್ತಿ ಮಗನ!”

“ಮುಂದ... ಎಷ್ಟ... ತಿರುವಲೇ?”

ನನಗೆ ಗೊತ್ತಿರಲಿಲ್ಲ. “ಒಂದ,” ಅಂದೆ. ಇನ್ನೂ ಮೂರಿದ್ದವು. ಪ್ರತಿಯೊಂದರಲ್ಲೂ ಒಂದ ಒಂದ ಅಂದೆ. ಅವನು ಪ್ರತಿ ಸಲ ನಂಬಿದ. ಕಡೆಯ ತಿರುವಿನಲ್ಲಿ ಅವನು ಅಳುತ್ತಿದ್ದ. ಬಾಯಿ ತೆರೆದು, ಸಣ್ಣ ಹುಡುಗರು ಅಳುವ ಹಾಗೆ, ಕಾಲು ಮಾತ್ರ ನಿಲ್ಲಿಸದೆ. ಜನ ಕೂಗುವುದನ್ನು ಬಿಟ್ಟಿದ್ದರು. ಟೆಂಪೋದ ಮೈಕೂ ಬಾಯಿ ಮುಚ್ಚಿತ್ತು. ಸೋಮಪ್ಪ ಹಾರ್ನ್ ಹಾಕದೆ ಮೆಲ್ಲಗೆ ಹಿಂದೆ ಬರುತ್ತಿದ್ದ.

ಗುಡಿಯ ಹತ್ತಿರದ ಬಯಲಿಗೆ ಬಂದು ನೆಲ ಸಮವಾದಾಗ ಅವನಿಗೆ ಅದು ತಿಳಿಯಲೇ ಇಲ್ಲ. ಒಂದು ತೆಂಗಿನಕಾಯಿ ಅಂಗಡಿಯ ಮೇಜಿಗೆ ಹೋಗಿ ಹಾಯ್ದ ಮೇಲೆ ನಿಂತ. ಕಾಯಿಗಳು ಉರುಳಿದವು. ಅವನು ಅವುಗಳ ನಡುವೆ ಅಂಗಾತ ಬಿದ್ದುಕೊಂಡ. ಕಾಲು ಊರಿರಲಿಲ್ಲ.

ಆಮೇಲಿನದು ಗದ್ದಲ. ಎತ್ತಿದರು, ನೀರು ಹಾಕಿದರು, ಭುಜದ ಮೇಲೆ ಕೂಡಿಸಿಕೊಂಡರು. ದೂರದಲ್ಲಿ ಮಲಪ್ರಭೆಯ ಹಿನ್ನೀರು ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ಅಮೋಘ ಉಸಿರು ಹಿಡಿದುಕೊಂಡು ಕೈ ಎತ್ತಿದ. ಎಲ್ಲರೂ ಸುಮ್ಮನಾದರು. ಹಣಮಂತಪ್ಪ ಓಡಿ ಬಂದು ಮೈಕು ಹಿಡಿದ.

“ನಾ ಟೆಂಪೋದಾಗ ಬಂದಿದ್ದೆ,” ಅಂದ ಅಮೋಘ. “ಬೈಲಹೊಂಗಲದಿಂದ ಪೂರಾ ತುಳದಾಂವ ಇವ, ಶ್ರೀಶೈಲ. ನಾ ಅಲ್ಲ. ಗಾಗಲ್ ನಂದು.”

ಹಣಮಂತಪ್ಪ ಕಣ್ಣೊರೆಸಿಕೊಂಡ.

“ಕೇಳಿದ್ರೇನ್ರಿ? ಕೇಳಿದ್ರೇನು? ಇದಕ್ಕ ಅಂತಾರ ದೊಡ್ಡ ಗುಣ! ದಣಿದ ಗೆಳೆಯಾನ ಮರ್ಯಾದಿ ಉಳಸಾಕ, ತಾಯಿ ಮುಂದ ನಿಂತು, ತನ್ನ ಮ್ಯಾಲ ಸುಳ್ಳ ಹೊತಗೊಳ್ಳಾಕ ಹತ್ಯಾರ!”

ಚಪ್ಪಾಳೆ ಮೊದಲಿನದರ ಎರಡರಷ್ಟು ಬಂತು.

“ಖರೇನ ಐತ್ರಿ ಅದು,” ಅಂತ ಸೋಮಪ್ಪ ಟೆಂಪೋದಿಂದ ಇಳಿದು ಬಂದ. “ನನ್ನ ಉಳ್ಳಾಗಡ್ಡಿ ಮ್ಯಾಲ ಕುಂತಿದ್ರು.”

“ನೀ ಸುಮ್ನಿರಪಾ,” ಅಂದ ಹಣಮಂತಪ್ಪ. “ಅವರು ದೊಡ್ಡವರು, ಹೇಳ್ತಾರ. ನೀ ಯಾಕ ಸುಳ್ಳ ಸಾಕ್ಷಿ ಹೇಳ್ತಿ?”

ಜನ ನನ್ನ ಕಡೆ ತಿರುಗಿ ನೋಡಿದರು. ಸುಸ್ತಾಗಿ ಟೆಂಪೋ ಹತ್ತಿದ್ದಲ್ಲದೆ, ಇಂಥ ದೇವರಂಥ ಗೆಳೆಯನಿಂದ ಗುಡ್ಡದ ಮೇಲೆ ಸುಳ್ಳು ಹೇಳಿಸಿದವನು ಅಂತ. ಶಾಮಿಯಾನದಲ್ಲಿ ಪಾಪ ಅಂದಿದ್ದ ಅಜ್ಜಿ ಗುಡ್ಡಕ್ಕೂ ಬಂದಿದ್ದಳು. ಈ ಸಲ ಪಾಪ ಅನ್ನಲಿಲ್ಲ.

ದರ್ಶನ ಮಾಡಿ, ಅವರು ಕೊಟ್ಟ ಊಟ ಮಾಡಿ, ರಾಮದುರ್ಗದ ದಾರಿ ಹಿಡಿದಾಗ ಎರಡು ಗಂಟೆ. ಸಂಘದವರಲ್ಲಿ ಒಬ್ಬ ಸೈಕಲ್ ಅಂಗಡಿಯವನು ಅಮೋಘನ ಸರಪಳಿಯನ್ನು ಇನ್ನೊಂದು ಗೇರಿಗೆ ಏರಿಸಿ ಅಲ್ಲೇ ತಂತಿ ಬಿಗಿದುಕೊಟ್ಟಿದ್ದ. ಅದು ಹಗುರ ಗೇರು. ಈಗ ಅವನು ಹತ್ತು ಸಲ ತುಳಿದರೆ ನಾನು ಮೂರು ಸಲ ತುಳಿದಷ್ಟು ಮುಂದೆ ಹೋಗುತ್ತಿತ್ತು. ಸಪಾಟು ದಾರಿಯಲ್ಲಿ ಹೊಲಿಗೆ ಯಂತ್ರ ತುಳಿಯುವವನ ಹಾಗೆ ಕಾಣುತ್ತಿದ್ದ. ಆದರೆ ತನ್ನ ಬಟ್ಟೆಯ ಚೀಲವನ್ನು ನನ್ನ ಕ್ಯಾರಿಯರಿನಿಂದ ಬಿಚ್ಚಿ ಬೆನ್ನಿಗೆ ಹಾಕಿಕೊಂಡಿದ್ದ. ನಾನು ಬೇಡ ಅನ್ನಲಿಲ್ಲ.

ಹೂಲಿ ದಾಟಿದೆವು. ಆಮೇಲೆ ಅವನು ಕೇಳಿದ.

“ನನ್ನ ಕೊಲ್ಲಬೇಕಂತ ಮಾಡಿದ್ದಿಯೇನಲೇ?”

“ಇಲ್ಲ. ನಗಬೇಕಂತ ಮಾಡಿದ್ದೆ.”

“ನಕ್ಕಿ?”

“ಮೂರನೇ ತಿರುವಿನ ಮಟ.”

ಅವನು ಸ್ವಲ್ಪ ಹೊತ್ತು ತುಳಿದ. “ಇಳಿಯಾಂವ ಇದ್ದೆ,” ಅಂದ. “ಎರಡನೇ ತಿರುವಿನಾಗ ಇಳಿಯಾಂವನ ಇದ್ದೆ. ನಿನ್ನ ಮಾರಿ ನೋಡಿ ಇಳಿಲಿಲ್ಲ. ಹಲ್ಲ ಕಿಸದಿದ್ದಿ.”

ಕಟಕೋಳದ ಹತ್ತಿರ ನನ್ನ ಮೊಣಕಾಲು ಕೈಕೊಟ್ಟಿತು. ಬೆಳಗಿನಿಂದ ಇಬ್ಬರ ಭಾರ ಹೊತ್ತದ್ದು, ಬಿಸಿಲಲ್ಲಿ ಗುಡ್ಡ ಏರಿದ್ದು, ಎಲ್ಲ ಸೇರಿ ಬಲಗಾಲು ಮಡಚಲು ಬರದ ಹಾಗಾಯಿತು. ಹತ್ತಿ ಕಾಳಿನ ಚೀಲ ಹೇರಿದ ಒಂದು ಲಾರಿಯವನು ತಾನಾಗಿ ನಿಲ್ಲಿಸಿ, ಎಲ್ಲಿಗೆ ಅಂತ ಕೇಳಿದ. ರಾಮದುರ್ಗಕ್ಕೇ ಹೊರಟಿದ್ದ. ಎರಡು ಸೈಕಲ್ಲಿಗೂ ಜಾಗ ಇತ್ತು.

“ನಡಿ, ಹತ್ತೂಣು,” ಅಂದೆ. ನಿಜವಾಗಿಯೂ ಅಂದೆ. ಹನ್ನೊಂದು ವರ್ಷದ ಡ್ಯೂಟಿಯಲ್ಲಿ ಎಂದೂ ಅನ್ನದ್ದನ್ನು ಅಂದೆ.

ಅಮೋಘ ಲಾರಿಯವನಿಗೆ ಕೈಮುಗಿದ. “ಇಲ್ರಿ, ನೀವ ಹೋಗ್ರಿ. ಇವತ್ತ ನಾವು ಏನೂ ಹತ್ತಂಗಿಲ್ಲ.”

“ಯಾವಂವ ನೋಡ್ತಾನಲೇ ಇಲ್ಲಿ?” ಅಂದೆ. “ಒಂದ ನಾಯಿ ಸೈತ ಇಲ್ಲ.”

“ಅದಕ್ಕ,” ಅಂದ.

ಲಾರಿ ಹೋಯಿತು. ಉಳಿದ ದಾರಿಯನ್ನು ನಾನು ಒಂದೇ ಕಾಲಲ್ಲಿ ತುಳಿದೆ. ಏರು ಬಂದಲ್ಲೆಲ್ಲ ಅವನು ಪಕ್ಕಕ್ಕೆ ಬಂದು ನನ್ನ ಬೆನ್ನಿಗೆ ಕೈ ಹಚ್ಚಿ ದಬ್ಬುತ್ತಿದ್ದ. ನಾನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ, ಅವನು ಉತ್ತರ ಕೊಡದೆ ಹೊಲಿಗೆ ಯಂತ್ರ ತುಳಿಯುತ್ತಿದ್ದ. ರಾಮದುರ್ಗದ ಮನೆಗಳಿಂದ ಮಗ್ಗದ ಸದ್ದು ಕೇಳಿಸಿದಾಗ ದೀಪ ಹಚ್ಚುವ ಹೊತ್ತು.

ಅಕ್ಕ ಸಿದ್ದಲಿಂಗವ್ವ ಬಾಗಿಲಿಗೆ ಬಂದು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಒಬ್ಬ ಕುಂಟುತ್ತಿದ್ದ, ಇನ್ನೊಬ್ಬನ ಮುಖದ ಮೇಲೆ ಭಂಡಾರ ಬೆವರಿನಲ್ಲಿ ಕಲಸಿ ಹಿಟ್ಟಿನಂತೆ ಒಣಗಿತ್ತು.

“ಬಸ್ ಇದ್ದಿಲ್ಲೇನ್ರೋ?” ಅಂದಳು.

ಮರುದಿನ ಬೆಳಿಗ್ಗೆ ನನ್ನ ಮೊಣಕಾಲು ಎಣ್ಣೆ, ಬಿಸಿನೀರಿಗೆ ಸರಿಹೋಗಿತ್ತು. ಅಮೋಘನಿಗೆ ಸೊಂಟದಿಂದ ಕೆಳಗೆ ಯಾವುದೂ ಮಾತು ಕೇಳಲಿಲ್ಲ. ಗೋಡೆ ಹಿಡಿದು ಅಂಗಳದವರೆಗೆ ಹೋಗಿ ಬರಲು ಕಾಲು ತಾಸು ಹಿಡಿಯಿತು. ನಾನೂ ಯಾತ್ರೆ ಇಲ್ಲಿಗೆ ಮುಗೀತು ಅಂದುಕೊಂಡು ರಗ್ಗು ಮಡಚುತ್ತಿದ್ದೆ.

“ನೀ ಹೋಗು,” ಅಂದ. “ಇನ್ನೂ ರಜಾ ಐತಲ್ಲ ನಿಂದು. ನಾ ಬಸ್ಸಿಗೆ ಹೊಳ್ಳಿ ಹೋಗ್ತೇನಿ.”

“ಬೋರ್ಡ್?”

“ಅಕ್ಕಗ ಕೊಡು. ಬಚ್ಚಲ ಬಾಗಲಕ್ಕ ಆಕ್ಕೈತಿ.”

ಹೀಗೆ ನಾನೊಬ್ಬನೇ ಹೊರಟೆ. ಐದನೇ ದಿನ ಸಂಜೆ ಹಂಪಿ ಮುಟ್ಟಿದೆ. ಹಾರ ಹಾಕುವವರು ಯಾರೂ ಇರಲಿಲ್ಲ. ಒಬ್ಬ ಕಾವಲುಗಾರ ಸೈಕಲ್ ಅಲ್ಲಿ ನಿಲ್ಲಿಸಬೇಡ ಅಂದ, ಬೇರೆ ಕಡೆ ನಿಲ್ಲಿಸಿದೆ. ಒಂದು ಬಂಡೆಯ ಮೇಲೆ ಕೂತು ಹೊಳೆ ನೋಡುತ್ತ ಕಡೆಯ ರೊಟ್ಟಿ ತಿಂದೆ. ಆಮೇಲೆ ಎಸ್‌ಟಿಡಿ ಬೂತು ಹುಡುಕಿ ಬೈಲಹೊಂಗಲದ ಸ್ಟುಡಿಯೋಕ್ಕೆ ಫೋನು ಹಚ್ಚಿದೆ.

“ಮುಟ್ಟಿದಿ?” ಅಂದ ಅಮೋಘ.

“ಮುಟ್ಟಿದೆ.”

“ಹೆಂಗೈತಿ?”

“ಕಲ್ಲ ಭಾಳ ಅದಾವು.”

“ಇಲ್ಲಿ ಮಂದಿಗೆ ದಿನಾ ಟೆಂಪೋದ ಸುದ್ದಿ ಹೇಳಾಕ ಹತ್ತೇನಿ,” ಅಂದ. “ಯಾರೂ ನಂಬವಲ್ರು. ಸವದತ್ತಿಯಿಂದ ಒಬ್ಬಾಂವ ಬಂದು ನನ್ನ ಪಾದಾ ಮುಟ್ಟಿ ಹ್ವಾದಾ.”

“ಗುಡ್ಡದ ಸುದ್ದಿ ಹೇಳಿದಿ?”

ಸ್ಟುಡಿಯೋಕ್ಕೆ ಯಾರೋ ಪಾಸ್‌ಪೋರ್ಟ್ ಸೈಜಿನ ಫೋಟೋ ಕೇಳಿಕೊಂಡು ಬಂದದ್ದು, ಇವನು ಕೂಡ್ರಿ ಅಂದದ್ದು ಕೇಳಿಸಿತು.

“ಅದನ್ನೇನ್ ಹೇಳೂದಲೇ,” ಅಂದ. “ಬಾ, ಬಂದ ಮ್ಯಾಲ ಮಾತಾಡೂಣು.”